ಬಾಯಲ್ಲಿ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಅರ್ಧ ಪೇಪರ್ ಖಾಲಿ: ಡಿಸ್ಲೆಕ್ಸಿಯಾ ಇರುವ ಹೈಸ್ಕೂಲ್ ಮಗನಿಗೆ ಹೇಗೆ ಸಹಾಯ ಮಾಡುವುದು?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 14 ವರ್ಷ, 9ನೇ ತರಗತಿ. ಪಾಠ ಕೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ, ವಿಜ್ಞಾನದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾನೆ. ಆದರೆ ಓದುವುದು ತುಂಬಾ ನಿಧಾನ. ಒಂದು ಪುಟಕ್ಕೆ 15 ನಿಮಿಷ ಬೇಕು. ಬರೆದರೆ ಸಾಲಿಗೆ ಎರಡು ಮೂರು ತಪ್ಪು, ಅವನ ಅಕ್ಷರ ಅವನಿಗೇ ಓದಲು ಬರಲ್ಲ. ಪರೀಕ್ಷೆಯಲ್ಲಿ ಅರ್ಧ ಪೇಪರ್ ಬಿಟ್ಟು ಬರುತ್ತಾನೆ. ಇಷ್ಟು ವರ್ಷ ಸೋಮಾರಿತನ ಎಂದು ಬೈದೆವು, ಎರಡೆರಡು ಟ್ಯೂಷನ್ ಹಾಕಿದೆವು. ಹೋದ ತಿಂಗಳು ಮನಶ್ಶಾಸ್ತ್ರಜ್ಞರ ಹತ್ತಿರ ತೋರಿಸಿದಾಗ ಡಿಸ್ಲೆಕ್ಸಿಯಾ ಅಂದರೆ ಓದಿನ ಕಲಿಕಾ ತೊಂದರೆ, ಜೊತೆಗೆ ಡಿಸ್ಗ್ರಾಫಿಯಾ ಅಂದರೆ ಬರಹದ ತೊಂದರೆ ಇದೆ, ಬುದ್ಧಿಮತ್ತೆ ಚೆನ್ನಾಗಿದೆ ಎಂದು ರಿಪೋರ್ಟ್ ಕೊಟ್ಟರು. ಶಾಲೆಗೆ ಅದನ್ನು ಕೊಡುವುದೇ ಬೇಡ, ಹಣೆಪಟ್ಟಿ ಅಂಟುತ್ತದೆ ಎನ್ನುತ್ತಾರೆ ನಮ್ಮವರು. ಪರಿಚಯದವರೊಬ್ಬರು ಬಣ್ಣದ ಕನ್ನಡಕ ಹಾಕಿಸಿ ಎಂದರು. ತಡವಾಗಿ ಹೋಯಿತಾ? ಮುಂದಿನ ವರ್ಷದ ದೊಡ್ಡ ಪರೀಕ್ಷೆಗೆ ಏನು ಮಾಡುವುದು? ಕಷ್ಟದ ವಿಷಯವನ್ನು ಬಿಡಿಸಿಬಿಡಲಾ? ಅವನಿಗೆ ರಿಪೋರ್ಟ್ ವಿಷಯ ಇನ್ನೂ ಹೇಳಿಲ್ಲ. ಹೇಳಬೇಕಾ?

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಆದರೆ ಎಲ್ಲದರ ಅಡಿಯಲ್ಲಿ ಒಂದೇ ಭಯ ಇದೆ ಅಂತ ನನಗೆ ಅನ್ನಿಸುತ್ತದೆ: ಕಳೆದುಹೋದ ವರ್ಷಗಳು ವಾಪಸ್ ಬರುತ್ತವಾ? ನೇರವಾಗಿ ಹೇಳುತ್ತೇನೆ. 7 ವರ್ಷಕ್ಕೇ ಗೊತ್ತಾಗಿದ್ದರೆ ಓದು ಕಲಿಸುವುದು ಸುಲಭ ಇತ್ತು, ನಿಜ. ಆದರೆ 14 ವರ್ಷಕ್ಕೆ ಬಾಗಿಲು ಮುಚ್ಚಿರುವುದಿಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾದವರು ಬಹಳ ಜನ, ಅದರಲ್ಲೂ ನಿಮ್ಮ ಮಗನಂಥ ಚುರುಕು ಮಕ್ಕಳು.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಅವನಿಗೂ 14 ವರ್ಷವೇ. ಲೆಕ್ಕದಲ್ಲಿ ಜಾಣ, ಆಟದಲ್ಲಿ ಚುರುಕು. ಆದರೆ ವರ್ಷಗಟ್ಟಲೆ ಕಲಿಸಿದರೂ ಓದು ಹತ್ತಲಿಲ್ಲ, ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನೂರು ವರ್ಷಕ್ಕೂ ಹಿಂದಿನ ಆ ಮಾತು ಓದಿದಾಗಲೆಲ್ಲ ನನ್ನ ಮುಂದೆ ಕೂತ ಹತ್ತಾರು ಮುಖಗಳು ನೆನಪಾಗುತ್ತವೆ. ಇದು ಅಪರೂಪದ ತೊಂದರೆಯೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯ ಪ್ರಕಾರ ಶಾಲಾ ವಯಸ್ಸಿನ 100 ಮಕ್ಕಳಲ್ಲಿ 5ರಿಂದ 15 ಮಂದಿಗೆ ಓದು, ಬರಹ ಅಥವಾ ಲೆಕ್ಕದಲ್ಲಿ ಇಂಥ ಕಲಿಕಾ ತೊಂದರೆ ಇರುತ್ತದೆ. ಎಲ್ಲ ಭಾಷೆಗಳಲ್ಲೂ ಇರುತ್ತದೆ.

ಹಾಗಾದರೆ ಒಳಗೆ ಆಗುತ್ತಿರುವುದೇನು? ಮಾತು ಹುಟ್ಟಿನಿಂದ ತಾನಾಗಿ ಬರುತ್ತದೆ, ಓದು ಹಾಗೆ ಬರುವುದಿಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಒಡೆದು, ಒಂದೊಂದು ಧ್ವನಿಗೂ ಒಂದು ಗುರುತು ಜೋಡಿಸಿ, ಆ ಜೋಡಣೆ ಯೋಚಿಸದೆಯೇ ಆಗುವಷ್ಟು ರೂಢಿಯಾಗಬೇಕು. ಡಿಸ್ಲೆಕ್ಸಿಯಾ ಇರುವವರಲ್ಲಿ ಹೆಚ್ಚಾಗಿ ಈ ಧ್ವನಿ ಮತ್ತು ಅಕ್ಷರದ ಕೊಂಡಿಯೇ ಸಡಿಲ. ಓದುವಾಗ ಮಿದುಳಿನ ಎಡಭಾಗದ ಕೆಲವು ಕಡೆ ಚಟುವಟಿಕೆ ಕಡಿಮೆ ಇರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಇದು ಮನೆತನದಲ್ಲಿ ಹರಿದು ಬರುವುದೂ ಹೌದು. ಮಗುವಿನ ರಿಪೋರ್ಟ್ ಓದುತ್ತಾ ಓದುತ್ತಾ, 'ನಂಗೂ ಹೀಗೇ ಆಗ್ತಿತ್ತಲ್ಲ' ಅಂತ ಅಪ್ಪನೋ ಅಮ್ಮನೋ ಮೆಲ್ಲಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಒಂದು ಸಣ್ಣ ದೃಶ್ಯ ಹೇಳುತ್ತೇನೆ. ನಿಮ್ಮ ಮಗನ ವಯಸ್ಸಿನ ಒಬ್ಬ ಹುಡುಗ ನನ್ನ ಪಕ್ಕ ಕೂತು ವಿಜ್ಞಾನದ ಪುಸ್ತಕ ಓದುತ್ತಿದ್ದ. 'ಸಸ್ಯಗಳು ಸೂರ್ಯನ ಬೆಳಕನ್ನು ಬಳಸಿಕೊಂಡು' ತನಕ ಬಂದ. ಮುಂದಿನ ಪದ 'ದ್ಯುತಿಸಂಶ್ಲೇಷಣೆ'. ಬೆರಳನ್ನು ಅದರ ಕೆಳಗೆ ಒತ್ತಿ ಹಿಡಿದ, ಉಗುರು ಬೆಳ್ಳಗಾಗುವಷ್ಟು. ದ್ಯು... ದುತಿ... ಸಂ... ಸಂಶ... ಮತ್ತೆ ಮೊದಲಿಂದ. ಅರ್ಧ ನಿಮಿಷ ಬೇಕಾಯಿತು. ಪದ ಮುಗಿಸಿ ವಾಕ್ಯದ ಕೊನೆ ಮುಟ್ಟಿದಾಗ, ಏನು ಓದಿದೆ ಅಂತ ಕೇಳಿದೆ. ಮುಖ ನೋಡಿದ. ವಾಕ್ಯದ ಶುರು ಏನಿತ್ತು ಅನ್ನುವುದೇ ಹೋಗಿತ್ತು. ಆಮೇಲೆ ಅದೇ ಪ್ಯಾರಾವನ್ನು ನಾನು ಒಂದು ಸಲ ಓದಿ ಹೇಳಿದೆ. ಅವನು ಪೂರ್ತಿ ವಿವರಿಸಿದ್ದಲ್ಲದೆ, ಹಾಗಾದರೆ ರಾತ್ರಿ ಗಿಡಕ್ಕೆ ಊಟ ಎಲ್ಲಿಂದ ಅಂತ ನನ್ನನ್ನೇ ಕೇಳಿದ. ತಲೆಯಲ್ಲಿ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಜಾಗ ಎಲ್ಲರಿಗೂ ಕಮ್ಮಿಯೇ. ಆ ಜಾಗವೆಲ್ಲ ಅಕ್ಷರ ಕೂಡಿಸುವುದಕ್ಕೇ ಖರ್ಚಾದರೆ ಅರ್ಥಕ್ಕೆ ಎಲ್ಲಿ ಉಳಿಯುತ್ತದೆ?

ಬರಹದಲ್ಲೂ ಇದೇ ಕತೆ. ಮಳೆ ಹೇಗೆ ಬರುತ್ತದೆ ಅಂತ ಒಬ್ಬಳು ಹುಡುಗಿಯನ್ನು ಕೇಳಿದ್ದೆ. ನೀರು ಆವಿಯಾಗುವುದು, ಮೇಲೆ ತಣ್ಣಗಾಗುವುದು, ಹನಿಗಳು ಕೂಡಿ ಭಾರವಾಗುವುದು, ಎಲ್ಲವನ್ನೂ ಬಾಷ್ಪೀಕರಣ, ಸಾಂದ್ರೀಕರಣ ಎನ್ನುವ ಪದಗಳ ಸಮೇತ ಹೇಳಿದಳು. ಪೇಪರಿನಲ್ಲಿ ಬರೆದದ್ದು ಮಾತ್ರ 'ನೀರು ಮೇಲೆ ಹೋಗಿ ಮಳೆ ಬರುತ್ತದೆ'. ಯಾಕೆ ಎಂದರೆ, 'ಆ ಪದ ಬರೆಯೋಕೆ ಬರಲ್ಲ ಮಿಸ್, ಅದಕ್ಕೇ ಬಿಟ್ಟೆ' ಎಂದಳು. ತನಗೆ ಗೊತ್ತಿದ್ದದ್ದನ್ನಲ್ಲ, ಬರೆಯಲು ಬರುವಷ್ಟನ್ನು ಮಾತ್ರ ಬರೆದಿದ್ದಳು. ತಿದ್ದಿದವರಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ? ಐದಕ್ಕೆ ಒಂದು ಅಂಕ ಕೊಟ್ಟಿದ್ದರು.

ಇಷ್ಟು ದಿನ ಹೇಗೋ ನಡೆದದ್ದು ಈಗ ಯಾಕೆ ಕೈಕೊಟ್ಟಿತು ಅನ್ನುವುದಕ್ಕೂ ಕಾರಣ ಇದೆ. ಸಣ್ಣ ತರಗತಿಯಲ್ಲಿ ಮಕ್ಕಳು ಓದಲು ಕಲಿಯುತ್ತಾರೆ, ದೊಡ್ಡ ತರಗತಿಯಲ್ಲಿ ಓದಿ ಕಲಿಯಬೇಕು. ಪಾಠ ಉದ್ದ, ಪದಗಳು ಕಠಿಣ. ವಿಷಯಕ್ಕೊಬ್ಬರು ಮೇಷ್ಟ್ರು. ಬೋರ್ಡಿನ ಮೇಲಿದ್ದದ್ದನ್ನು ಅಳಿಸುವುದರೊಳಗೆ ಬರೆದುಕೊಳ್ಳಬೇಕು. ಚುರುಕು ಮಕ್ಕಳು ಆವರೆಗೆ ಕೇಳಿಸಿಕೊಂಡದ್ದು, ಊಹಿಸಿದ್ದು, ಬಾಯಿಪಾಠ ಮಾಡಿದ್ದು ಎಲ್ಲ ಸೇರಿಸಿ ಹೇಗೋ ದಾಟಿಸಿರುತ್ತಾರೆ. ಇಲ್ಲಿ ಅದು ಸಾಲುವುದಿಲ್ಲ.

ಈಗ ನೀವು ಕೇಳಿರುವ ನಂಬಿಕೆಗಳು. ಸೋಮಾರಿತನ ಎನ್ನುವುದನ್ನು ಇವತ್ತಿಗೇ ಬಿಟ್ಟುಬಿಡಿ. ಬೇರೆ ಮಕ್ಕಳು 20 ನಿಮಿಷದಲ್ಲಿ ಮುಗಿಸುವುದನ್ನು ಎರಡು ಗಂಟೆ ಕೂತು ಮಾಡುವವನು ಸೋಮಾರಿ ಹೇಗಾಗುತ್ತಾನೆ? ನೋಟ್‌ಬುಕ್ ಕಂಡರೆ ಓಡುತ್ತಾನಾದರೆ, ಅದು ದಿನಾ ಸೋಲುವ ಜಾಗಕ್ಕೆ ಹೋಗಲು ಯಾರಿಗೂ ಇಷ್ಟವಿಲ್ಲದ್ದರಿಂದ. ಬೈದಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಗೊತ್ತಿರಲಿಲ್ಲ, ಅಷ್ಟೇ. ಬೆಳೆದಂತೆ ತಾನಾಗಿ ಸರಿಹೋಗುತ್ತದೆ ಎನ್ನುವುದೂ ನಿಜವಲ್ಲ. ತೊಂದರೆ ಬದುಕಿಡೀ ಇರುತ್ತದೆ, ಆದರೆ ಸರಿಯಾಗಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ. ನಿಧಾನ ಮಾತ್ರ ಸ್ವಲ್ಪ ಉಳಿದುಕೊಳ್ಳುತ್ತದೆ.

ಬಣ್ಣದ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಕಣ್ಣು ಮತ್ತು ಕಿವಿಯ ಮಾಮೂಲಿ ಪರೀಕ್ಷೆ ಮಾಡಿಸಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ, ಅದು ಬೇಕೇ ಬೇಕು. ಆದರೆ ಡಿಸ್ಲೆಕ್ಸಿಯಾ ಕಣ್ಣಿನ ರೋಗವಲ್ಲ. ಬಣ್ಣದ ಲೆನ್ಸ್, ಕಣ್ಣಿನ ವ್ಯಾಯಾಮ ಇವುಗಳಿಂದ ಡಿಸ್ಲೆಕ್ಸಿಯಾಕ್ಕೆ ಉಪಯೋಗ ಎನ್ನಲು ಸರಿಯಾದ ಆಧಾರ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಮಿದುಳು ಚುರುಕು ಮಾಡುವ ಆಟಗಳ ವಿಷಯವೂ ಅಷ್ಟೇ, ಆಡಿದ ಆಟದಲ್ಲಿ ಕೈ ಪಳಗುತ್ತದೆ, ಓದಿಗೆ ಅದು ಬರುವುದಿಲ್ಲ. ಡಿಸ್ಲೆಕ್ಸಿಯಾಕ್ಕೆ ಮಾತ್ರೆ ಇಲ್ಲ. ಆದರೆ ಇಂಥ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಗಮನ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ, ಜೊತೆಗೇ ಇರುತ್ತದೆ. ಅದಕ್ಕೆ ವೈದ್ಯರ ಹತ್ತಿರ ಚಿಕಿತ್ಸೆ ಇದೆ. ನಿಮ್ಮ ರಿಪೋರ್ಟಿನಲ್ಲಿ ಅದನ್ನು ನೋಡಿದ್ದಾರಾ ಅಂತ ಒಮ್ಮೆ ಕೇಳಿ.

ಇನ್ನು ಮಾಡಬೇಕಾದ ಕೆಲಸ. ನಾನು ಎಲ್ಲ ತಂದೆತಾಯಿಗೂ ಒಂದೇ ಮಾತು ಹೇಳುತ್ತೇನೆ: ಓದು ಸುಧಾರಿಸುವುದು ಒಂದು ಕೆಲಸ, ಪಾಠ ಕಲಿಯುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ಮೊದಲನೆಯದು ನಿಧಾನವಾಗಿ ನಡೆಯುವಂಥದ್ದು. ಅದು ಮುಗಿಯುವ ತನಕ ವಿಜ್ಞಾನ, ಇತಿಹಾಸ ಕಾಯುತ್ತಾ ಕೂರಬಾರದು.

ಓದಿನ ಕೆಲಸಕ್ಕೆ ಮಾಮೂಲಿ ಟ್ಯೂಷನ್ ಆಗುವುದಿಲ್ಲ. ಟ್ಯೂಷನ್‌ನಲ್ಲಿ ಶಾಲೆಯ ಪಾಠವನ್ನೇ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳುತ್ತಾರೆ. ಇವನಿಗೆ ಬೇಕಾದದ್ದು ಧ್ವನಿ, ಅಕ್ಷರ, ಪದದ ಭಾಗಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ನೋಡಿ, ಹೇಳಿ, ಬರೆದು, ಬಿಟ್ಟುಹೋದದ್ದನ್ನು ಮತ್ತೆ ಮತ್ತೆ ತಿರುಗಿಸಿ ಕಲಿಸುವ ವಿಶೇಷ ಶಿಕ್ಷಕರು. ಈ ದಾರಿಗೆ 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು ಮತ್ತು ಆನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ಬುನಾದಿ ಹಾಕಿದರು. ಇವತ್ತಿನ ಬಹಳಷ್ಟು ಪದ್ಧತಿಗಳು ಅದರಿಂದಲೇ ಕವಲೊಡೆದಿವೆ. ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು. ಭಾನುವಾರ ಒಂದೇ ದಿನ ಮೂರು ಗಂಟೆ ಕೂರಿಸುವುದರಿಂದ ಏನೂ ಆಗುವುದಿಲ್ಲ. 14 ವರ್ಷದವನ ಕೈಗೆ ಪುಟ್ಟ ಮಕ್ಕಳ ಚಿತ್ರದ ಪುಸ್ತಕ ಕೊಡಬೇಡಿ, ಅವಮಾನ ಆಗುತ್ತದೆ. ಅವನ ಪಾಠದ ಪದಗಳನ್ನೇ ಬಿಡಿಸಬಹುದು. ದ್ಯುತಿ ಎಂದರೆ ಬೆಳಕು. ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು, ವಿಶ್ಲೇಷಣೆ ಎಂದರೆ ಬಿಡಿಸಿ ನೋಡುವುದು. ಹೀಗೆ ಕಲಿತವನಿಗೆ ಪದ ಒಂದೇ ದೊಡ್ಡ ಬಂಡೆಯ ಹಾಗೆ ಕಾಣುವುದಿಲ್ಲ, ಹಿಡಿಯಲು ಕೈಗೆ ಎರಡು ತುದಿ ಸಿಗುತ್ತದೆ.

ಎರಡನೇ ಕೆಲಸಕ್ಕೆ ಕಿವಿಯನ್ನು ಧಾರಾಳವಾಗಿ ಬಳಸಿ. ಪಠ್ಯವನ್ನು ಓದಿ ಹೇಳುವ ಸೌಲಭ್ಯ ಈಗ ಹೆಚ್ಚಿನ ಫೋನುಗಳಲ್ಲೇ ಇದೆ. ಇಲ್ಲದಿದ್ದರೆ ನೀವೋ, ಅಕ್ಕನೋ ಪಾಠ ಓದಿ ರೆಕಾರ್ಡ್ ಮಾಡಿಡಿ. ಪುಸ್ತಕ ಮುಂದೆ ತೆರೆದಿಟ್ಟುಕೊಂಡು, ಸಾಲಿನ ಮೇಲೆ ಕಣ್ಣಾಡಿಸುತ್ತಾ ಕೇಳಲಿ. ಕೇಳಿ ಕಲಿತರೆ ಓದುವುದನ್ನೇ ಬಿಟ್ಟುಬಿಡುತ್ತಾನೆ ಅಂತ ತುಂಬಾ ಜನ ಹೆದರುತ್ತಾರೆ. ಓದಿನ ಅಭ್ಯಾಸಕ್ಕೆ ಬೇರೆ ಹೊತ್ತು ಇಟ್ಟಿದ್ದೇವಲ್ಲ, ಅಲ್ಲಿ ಅದು ನಡೆಯುತ್ತಿರುತ್ತದೆ. ಅಪಾಯ ಇನ್ನೊಂದು ಕಡೆಯೇ ಜಾಸ್ತಿ. ಓದಲಾರದವನು ಕಡಿಮೆ ಓದುತ್ತಾನೆ, ಕಡಿಮೆ ಓದಿದವನ ಪದಸಂಪತ್ತು, ಸಾಮಾನ್ಯ ಜ್ಞಾನ ಬೆಳೆಯುವುದಿಲ್ಲ, ಅದರಿಂದ ಮುಂದಿನ ಓದು ಇನ್ನೂ ಕಷ್ಟವಾಗುತ್ತದೆ. ಕೀತ್ ಸ್ಟಾನೋವಿಚ್ ಎಂಬ ಸಂಶೋಧಕರು 1986ರಲ್ಲೇ ಈ ಸುಳಿಯನ್ನು ವಿವರಿಸಿದ್ದರು. ಕಿವಿಯಿಂದ ಬರುವ ಪಾಠ ಆ ಸುಳಿಯನ್ನು ತಡೆಯುತ್ತದೆ.

ಕೇಳಿದ ಮೇಲೆ ಒಂದು ಕೆಲಸ ಕಡ್ಡಾಯ. ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬಾಯಲ್ಲಿ ಹೇಳಬೇಕು. ಅದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಪುಸ್ತಕ ತೆರೆದು ಬಿಟ್ಟುಹೋದದ್ದೇನು ಅಂತ ಅವನೇ ಹುಡುಕಲಿ. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಸುಮ್ನೆ ತಿರುತಿರುಗಿ ಓದುವುದಕ್ಕಿಂತ ಇದು ಎಷ್ಟು ಮೇಲು ಎನ್ನುವುದನ್ನು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ನಾಲ್ಕು ಸಲ ಓದಿದವರಿಗೆ ವಾರದ ನಂತರ ಸುಮಾರು ಶೇ 40 ನೆನಪಿತ್ತು. ಒಂದೇ ಸಲ ಓದಿ ಮೂರು ಸಲ ನೆನಪಿನಿಂದ ಬರೆದವರಿಗೆ ಶೇ 61. ಅವರಿಗೆ ಕಲಿಕಾ ತೊಂದರೆ ಇರಲಿಲ್ಲ ಎನ್ನುವುದು ನಿಜ, ಆದರೆ ನನ್ನ ಅನುಭವದಲ್ಲಿ ನಮ್ಮ ಮಕ್ಕಳಿಗೆ ಇದರಿಂದ ಇನ್ನೂ ಜಾಸ್ತಿ ಉಪಯೋಗ, ಯಾಕೆಂದರೆ ಒಂದು ಓದನ್ನು ಉಳಿಸಿದರೂ ಇವರಿಗೆ ಅರ್ಧ ಗಂಟೆ ಉಳಿಯುತ್ತದೆ. ಬರಹಕ್ಕೂ ಇದೇ ದಾರಿ. ಮೊದಲು ಉತ್ತರ ಬಾಯಲ್ಲಿ, ಆಮೇಲೆ ನಾಲ್ಕು ಮುಖ್ಯ ಪದ ಒಂದು ಚೀಟಿಯಲ್ಲಿ, ಆಮೇಲೆ ವಾಕ್ಯ. ಕಾಗುಣಿತ ತಿದ್ದುವುದು ಕಟ್ಟಕಡೆಗೆ. ಕೀಬೋರ್ಡ್ ಟೈಪಿಂಗ್ ಈಗಲೇ ಶುರು ಮಾಡಿಸಿ, ಡಿಸ್ಗ್ರಾಫಿಯಾ ಇರುವವರಿಗೆ ಅದು ಬದುಕಿನುದ್ದಕ್ಕೂ ಬೇಕಾಗುತ್ತದೆ.

ರಿಪೋರ್ಟ್ ಶಾಲೆಗೆ ಕೊಡಬೇಕಾ? ನಿಮ್ಮ ಯಜಮಾನರ ಭಯ ಸುಳ್ಳಲ್ಲ. ರಿಪೋರ್ಟ್ ನೋಡಿದ ಮೇಲೆ 'ಇವನಿಂದ ಇಷ್ಟೇ ಆಗೋದು' ಅಂತ ಕೈಬಿಡುವ ಶಿಕ್ಷಕರನ್ನು ನಾನೂ ನೋಡಿದ್ದೇನೆ. ಆದರೆ ಹಣೆಪಟ್ಟಿ ಈಗಾಗಲೇ ಅಂಟಿದೆ ಅಲ್ವಾ? ಸೋಮಾರಿ, ದಡ್ಡ ಎನ್ನುವುದು. ಆ ಪಟ್ಟಿಯಿಂದ ಯಾವ ಸಹಾಯವೂ ಬರುವುದಿಲ್ಲ, ರಿಪೋರ್ಟಿನಿಂದ ಬರುತ್ತದೆ. ಹಾಗಾಗಿ ಕೊಡಿ ಎನ್ನುವುದೇ ನನ್ನ ಸಲಹೆ. ಆದರೆ ಇಪ್ಪತ್ತು ಪುಟವನ್ನು ಆಫೀಸಿನಲ್ಲಿ ಕೊಟ್ಟು ಸುಮ್ಮನಾಗಬೇಡಿ, ಯಾರೂ ಓದುವುದಿಲ್ಲ. ಒಂದು ಪುಟದ ಸಾರಾಂಶ ನೀವೇ ಮಾಡಿ: ಇವನಿಗೆ ಏನು ಚೆನ್ನಾಗಿ ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ನಾವು ಕೇಳುತ್ತಿರುವ ಮೂರು ವಿಷಯ ಯಾವುವು. ಕ್ಲಾಸಿನಲ್ಲಿ ಎಲ್ಲರ ಮುಂದೆ ಜೋರಾಗಿ ಓದಿಸಬಾರದು. ಬೋರ್ಡಿನ ನೋಟ್ಸ್ ಪ್ರತಿ ಕೊಡಬೇಕು, ಇಲ್ಲವೇ ಫೋಟೊ ತೆಗೆಯಲು ಬಿಡಬೇಕು. ಭಾಷೆಯ ಪೇಪರ್ ಬಿಟ್ಟು ಉಳಿದದ್ದರಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬಾರದು. ಮೊದಲಿಗೆ ಇಷ್ಟು ಸಾಕು. ಮೂವತ್ತು ಬೇಡಿಕೆಯ ಪಟ್ಟಿ ಇಟ್ಟರೆ ಒಂದೂ ನಡೆಯುವುದಿಲ್ಲ.

ದೊಡ್ಡ ಪರೀಕ್ಷೆಯ ರಿಯಾಯಿತಿಗಳ ನಿಯಮ ಒಂದೊಂದು ಕಡೆ ಒಂದೊಂದು ಥರ. ಅರ್ಜಿಗೆ ಕೊನೆಯ ದಿನ, ಯಾರು ಕೊಟ್ಟ ರಿಪೋರ್ಟ್ ನಡೆಯುತ್ತದೆ, ಎಷ್ಟು ಹಳೆಯದಾದರೆ ನಡೆಯುವುದಿಲ್ಲ, ಇವನ್ನೆಲ್ಲ ಈ ವರ್ಷವೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಕೊನೇ ತಿಂಗಳಲ್ಲಿ ಓಡಾಡಿ ಕೈತಪ್ಪಿಸಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಹೆಚ್ಚುವರಿ ಸಮಯ ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು. ಒಳ್ಳೆಯದೇ. ಆದರೆ ಅಭ್ಯಾಸವಿಲ್ಲದ ಮಗು ಆ ಸಮಯವನ್ನು ಸುಮ್ಮನೆ ಕೂತು ಕಳೆಯುತ್ತದೆ, ಇಲ್ಲವೇ ಮೂರೂವರೆ ನಾಲ್ಕು ಗಂಟೆ ಬರೆದು ಕೈ ಸೋತು ಮರುದಿನದ ಪೇಪರ್ ಕೆಡಿಸಿಕೊಳ್ಳುತ್ತದೆ. ಹೇಳಿದ್ದನ್ನು ಬರೆದುಕೊಡುವವರನ್ನು, ಅಂದರೆ ಸ್ಕ್ರೈಬ್ ತೆಗೆದುಕೊಳ್ಳುವುದರಲ್ಲೂ ಇದೇ ಎಚ್ಚರ ಬೇಕು. ಉತ್ತರ ಹೇಳಿ ಬರೆಸುವುದು ಬೇರೆಯೇ ಒಂದು ವಿದ್ಯೆ. ಪೂರ್ತಿ ವಾಕ್ಯದಲ್ಲಿ, ಅವರು ಬರೆಯುವ ವೇಗಕ್ಕೆ ತಡೆದು ತಡೆದು, ಚಿತ್ರ ಎಲ್ಲಿ, ಅಂಡರ್‌ಲೈನ್ ಎಲ್ಲಿ ಅಂತ ಹೇಳಬೇಕು. ಮೊದಲ ಸಲ ಗುರುತಿಲ್ಲದವರ ಮುಂದೆ ಕೂತಾಗ ಮಕ್ಕಳು ನಾಚಿಕೆಯಿಂದ ಚುಟುಕಾಗಿ ಹೇಳಿ ಮುಗಿಸಿಬಿಡುತ್ತಾರೆ. ಕನಿಷ್ಠ ಎಂಟು ಹತ್ತು ಸಲವಾದರೂ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿಸಿ. ಯಾವ ರಿಯಾಯಿತಿ ಇವನಿಗೆ ನಿಜವಾಗಿ ಉಪಯೋಗ ಅಂತ ಅಲ್ಲೇ ಗೊತ್ತಾಗುತ್ತದೆ. ಕೆಲವರಿಗೆ ಪ್ರಶ್ನೆ ಓದಿ ಹೇಳಿದರೆ ಸಾಕು, ಉತ್ತರ ತಾವೇ ಬರೆಯುತ್ತಾರೆ.

ವಿಷಯ ಬಿಡಿಸುವ ಮಾತು. ಕೆಲವು ಕಡೆ ಒಂದು ಭಾಷೆಯನ್ನೋ ಗಣಿತವನ್ನೋ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲು ಅವಕಾಶ ಇರುತ್ತದೆ. ಹೊರೆ ಇಳಿಯುತ್ತದೆ, ಉಳಿದದ್ದಕ್ಕೆ ಸಮಯ ಸಿಗುತ್ತದೆ. ಆದರೆ ಅವಸರದಲ್ಲಿ ಬಿಟ್ಟ ವಿಷಯ ಆಮೇಲೆ ಬೇಕಾದ ಕೋರ್ಸಿಗೆ ಅಡ್ಡ ಬರಬಹುದು. ನಿಮ್ಮ ಮಗನಿಗೆ ವಿಜ್ಞಾನ ಇಷ್ಟ ಅಂದಿರಿ. ಹಾಗಿದ್ದರೆ ಗಣಿತ, ವಿಜ್ಞಾನ ಮುಟ್ಟಬೇಡಿ. ಭಾಷೆ ಒಂದನ್ನು ಬಿಡುವುದಾದರೆ, ಮುಂದೆ ಅವನು ಸೇರಬಹುದಾದ ನಾಲ್ಕು ಕೋರ್ಸುಗಳ ಅರ್ಹತೆ ಓದಿ ನೋಡಿ, ಆಮೇಲೆ ತೀರ್ಮಾನಿಸಿ. ತೀರ್ಮಾನಿಸುವಾಗ ಅವನೂ ಪಕ್ಕದಲ್ಲಿ ಕೂತಿರಲಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಶಾಲೆಗೆ ಹೊರಡುವಾಗ ದಿನಾ ಹೊಟ್ಟೆನೋವು, ನಿದ್ದೆ ಇಲ್ಲ, ಗೆಳೆಯರನ್ನು ಬಿಟ್ಟಿದ್ದಾನೆ, ಬದುಕಿ ಏನು ಪ್ರಯೋಜನ ಎನ್ನುವಂಥ ಮಾತು ಬಂತು, ಇವುಗಳಲ್ಲಿ ಯಾವುದು ಕಂಡರೂ ಅಂಕಗಳ ಮಾತು ಪಕ್ಕಕ್ಕಿಟ್ಟು ಮಾನಸಿಕ ಆರೋಗ್ಯದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೊನೆಯ ಮಾತು ಕಿವಿಗೆ ಬಿದ್ದರೆ ಅವತ್ತೇ ಹೊರಡಿ.

ಕೊನೆಗೆ, ಅವನಿಗೆ ಹೇಳಬೇಕಾ ಎಂದು ಕೇಳಿದ್ದೀರಿ. ಹೇಳಬೇಕು, ಈ ವಾರವೇ. ಅವನಿಗೆ ಏನೋ ಇದೆ ಅಂತ ಅವನಿಗೆ ಗೊತ್ತು. ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋದಿರಿ, ಆಮೇಲೆ ಯಾರೂ ಮಾತಾಡುತ್ತಿಲ್ಲ. ಆ ಮೌನಕ್ಕೆ ಅವನೇ ಒಂದು ಅರ್ಥ ಕಟ್ಟಿಕೊಂಡಿರುತ್ತಾನೆ, ಅದು ರಿಪೋರ್ಟಿಗಿಂತ ಕೆಟ್ಟದ್ದೇ ಇರುತ್ತದೆ. ಸಾಧ್ಯವಾದರೆ ಅಪ್ಪ ಅಮ್ಮ ಇಬ್ಬರೂ ಕೂತು ಹೇಳಿ. ರಿಪೋರ್ಟಿನಲ್ಲಿ ಅವನಿಗೆ ಚೆನ್ನಾಗಿ ಬಂದಿರುವ ಭಾಗವನ್ನೂ ತೋರಿಸಿ, ಕಷ್ಟ ಇರುವ ಭಾಗವನ್ನೂ ತೋರಿಸಿ, ಹೆಸರು ಹಿಡಿದೇ ಹೇಳಿ. ಬೈದದ್ದಕ್ಕೆ ತಪ್ಪಾಯಿತು ಅಂತಲೂ ಹೇಳಿ. ಅವನು ಹಗುರಾಗಬಹುದು, ಅಥವಾ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ನಿಮಗೆ ಅಂತ ಸಿಟ್ಟಿಗೇಳಬಹುದು. ಹಾಗೆ ಸಿಟ್ಟು ಬಂದರೆ ಉತ್ತರ ಕೊಡಲು ಹೋಗಬೇಡಿ, ಕೇಳಿಸಿಕೊಳ್ಳಿ. ಅವತ್ತು ಟೈಮ್‌ಟೇಬಲ್, ವಿಶೇಷ ಶಿಕ್ಷಕರು, ಅರ್ಜಿ ಯಾವುದೂ ಬೇಡ. ಮರುದಿನ ಸಂಜೆ ಅವನಿಗೆ ಇಷ್ಟವಾದ ವಿಜ್ಞಾನದ ಒಂದು ಪಾಠ ತೆಗೆದುಕೊಂಡು ನೀವು ಓದಿ ಹೇಳಿ, ಅವನು ಪುಸ್ತಕ ಮುಚ್ಚಿ ನಿಮಗೆ ಕಲಿಸಲಿ. ಆ ರೆಕಾರ್ಡಿಂಗ್ ಜೋಪಾನವಾಗಿಡಿ. ಶಾಲೆಗೆ ಆ ಒಂದು ಪುಟ ಹಿಡಿದುಕೊಂಡು ಹೋಗುವಾಗ, ಅವನು ಒಪ್ಪಿದರೆ, ವಿಜ್ಞಾನದ ಮೇಷ್ಟ್ರಿಗೆ ಎರಡು ನಿಮಿಷ ಕೇಳಿಸಿ.